ಎರೆಸೀಮೆಯ ಬಸದಿಗಳಲ್ಲಿ ಜೀವದ ವಿಚಾರ

ಗದಗ ಸೀಮೆ ಎಂದೊಡನೆ ಕುಮಾರವ್ಯಾಸ, ವೀರನಾರಾಯಣ ನೆನಪಾಗುತ್ತಾರೆ. ಕುಮಾರವ್ಯಾಸನಿಗಿಂತ ಶತಮಾನಗಳ ಮೊದಲೇ ಇಲ್ಲಿ ಬಸದಿಗಳು ಎದ್ದಿದ್ದವು. ಮುಳಗುಂದದಲ್ಲಿ ಚಿಕಾರ್ಯ ಕಟ್ಟಿಸಿದ ಬಸದಿಗೆ ಮಗ ಅರಸಾರ್ಯ ಹೊಲ ಬಿಟ್ಟುಕೊಟ್ಟದ್ದನ್ನು ಶಕ 824ರ, ಎಂದರೆ ಕ್ರಿ.ಶ. 902ರ ಸುಮಾರಿನ ಶಾಸನ ಹೇಳುತ್ತದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಜಿನಾಲಯ 1007ರದು; ಲಕ್ಷ್ಮೇಶ್ವರದ ಶಂಖಬಸದಿಯ ಪರಂಪರೆ ಇನ್ನೂ ಹಳೆಯದು. ಈ ಬಸದಿಗಳ ಜೀವವಿಚಾರವನ್ನು ನಾವು ‘ಕೊಲ್ಲಬೇಡ’ ಎಂಬ ವಿಧಿಗೆ, ಗಡ್ಡೆಗೆಣಸು ತಿನ್ನಬಾರದೆಂಬ ಪಥ್ಯಕ್ಕೆ ಇಳಿಸಿಬಿಟ್ಟಿದ್ದೇವೆ. ಅದು ಅನ್ಯಾಯ. ಆ ಪಥ್ಯದ ಹಿಂದೆ ಜೀವ ಎಂದರೇನು, ಒಂದು ಜೀವ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಬಿಡದೆ ಕೆದಕಿದ ಸಿದ್ಧಾಂತವೇ ಇದೆ.

ಚಲಿಸುವುದು ಜೀವ, ಚಲಿಸದ್ದು ಜಡ ಎನ್ನುವುದು ಯಾರಿಗೂ ಮೊದಲು ಹೊಳೆಯುವ ಉತ್ತರ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅರಿವಿನ ವ್ಯಾಪಾರವನ್ನೇ ಜೀವದ ಗುರುತಾಗಿ ಹಿಡಿಯುತ್ತದೆ. ಅರಿವು ನಡೆಯುವುದು ಇಂದ್ರಿಯಗಳ ಮೂಲಕ. ಹಾಗಾಗಿ ಇಂದ್ರಿಯಗಳ ಲೆಕ್ಕದ ಮೇಲೆ ಜೀವಿಗಳ ವಿಂಗಡಣೆ. ಗಿಡಮರಕ್ಕೆ ಸ್ಪರ್ಶವೊಂದೇ. ಹುಳು, ಶಂಖಗಳಿಗೆ ಸ್ಪರ್ಶದ ಜೊತೆಗೆ ರುಚಿ. ಇರುವೆಗೆ ವಾಸನೆ ಸೇರುತ್ತದೆ, ದುಂಬಿಗೆ ಕಣ್ಣು, ದನಕ್ಕೂ ಮನುಷ್ಯನಿಗೂ ಕಿವಿ. ಅರಿಸ್ಟಾಟಲ್ ಗಿಡಗಳಿಗೆ ಪೋಷಣೆ, ಬೆಳವಣಿಗೆಯಷ್ಟನ್ನೇ ಕೊಟ್ಟು ಸಂವೇದನೆಯನ್ನು ಪ್ರಾಣಿಗಳಿಗೆ ಮೀಸಲಿಟ್ಟ. ಜೈನರಲ್ಲಿ ಆ ಗೆರೆಯೇ ಇಲ್ಲ. ಮುಟ್ಟಿದ್ದು ತಿಳಿಯುವಲ್ಲಿಂದಲೇ ಅವರ ಎಣಿಕೆ ಶುರು. ಚಾವುಂಡರಾಯನ ಕಾಲದ ನೇಮಿಚಂದ್ರ ಗೊಮ್ಮಟಸಾರದ ಜೀವಕಾಂಡದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಅನಂತ ಜೀವಗಳು ಒಂದೇ ಒಡಲಲ್ಲಿ ಕೂಡಿ ಬದುಕುವ ಸಸ್ಯವನ್ನು ಗುರುತಿಸಲು ಅವನು ಕೊಡುವ ಪರೀಕ್ಷೆ ಕೈಯಲ್ಲಿ ಮಾಡಿ ನೋಡುವಂಥದ್ದು: ನರ, ಗಂಟು ಎದ್ದು ಕಾಣಬಾರದು, ಮುರಿದರೆ ನಾರು ಉಳಿಯದೆ ಸಮನಾಗಿ ತುಂಡಾಗಬೇಕು, ಕಡಿದರೂ ಮತ್ತೆ ಚಿಗುರಬೇಕು. ಕಡಿದ ಗಡ್ಡೆಯ ಒಂದೊಂದು ಹೋಳೂ ಬೇರೆ ಗಿಡವಾಗುವುದನ್ನು ಕಂಡವನಿಗೆ ಒಡಲೊಂದಕ್ಕೆ ಜೀವವೊಂದು ಎಂಬ ಸರಳ ಲೆಕ್ಕ ಸಾಲದು. ಈ ಪ್ರಾಕೃತ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡ ಟೀಕೆ ಬರೆದ.

ಆಕ್ಷೇಪಗಳು ಹಗುರವಲ್ಲ. ಮಣ್ಣು, ನೀರು, ಬೆಂಕಿ, ಗಾಳಿಯನ್ನೂ ಈ ಸಿದ್ಧಾಂತ ಏಕೇಂದ್ರಿಯ ಜೀವಗಳೆನ್ನುತ್ತದೆ. ಇಂದಿನ ಜೀವಶಾಸ್ತ್ರ ಅದನ್ನು ಒಪ್ಪದು. ವಾಸನೆಯವರೆಗಷ್ಟೇ ಎಣಿಸಿದ ಇರುವೆಗಳಲ್ಲೂ ಬಹುಪಾಲಿಗೆ ಕಣ್ಣಿದೆ. ಒಂದೇ ಒಡಲಲ್ಲಿ ಅನಂತವಾಗಿ ಕೂಡಿದ್ದು ಒಂದು ಉಸಿರಿನಲ್ಲಿ 18 ಸಲ ಹುಟ್ಟಿ ಸಾಯುವ ‘ನಿಗೋದ’ ಎಂಬ ಸೂಕ್ಷ್ಮ ಜೀವಗಳನ್ನು ಬ್ಯಾಕ್ಟೀರಿಯಾ ಎಂದು ಕೊಂಡಾಡುವವರೂ ಇದ್ದಾರೆ. ಆ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ತರ್ಕದಿಂದ ಊಹಿಸಿದ್ದು ಬೇರೆ, ಸೂಕ್ಷ್ಮದರ್ಶಕದಡಿ ಕಂಡದ್ದು ಬೇರೆ. ಎರಡನ್ನೂ ಒಂದಾಗಿಸಿದರೆ ಎರಡಕ್ಕೂ ಅವಮಾನ. ಆದರೆ ಎಣಿಕೆ ಅಲ್ಲಲ್ಲಿ ತಪ್ಪಿತೆಂದು ಎಣಿಸುವ ಕ್ರಮವನ್ನೇ ತಳ್ಳಿಹಾಕಲಾಗದು. ಮನುಷ್ಯನನ್ನೂ ಗಿಡವನ್ನೂ ಒಂದೇ ಏಣಿಯಲ್ಲಿ ನಿಲ್ಲಿಸಿ, ಮೆಟ್ಟಿಲುಗಳ ನಡುವಿನ ಅಂತರ ಅರಿವಿನ ಹೆಚ್ಚುಕಡಿಮೆಯದಷ್ಟೇ ಎಂದ ಧೈರ್ಯ ಸಣ್ಣದಲ್ಲ.

ಇದೆಲ್ಲ ಮುನಿಗಳ ಮಾತು, ಎರೆಹೊಲದಲ್ಲಿ ಕುಂಟೆ ಹೊಡೆಯುವವನಿಗೆ ಏನು ಸಂಬಂಧ ಎಂದು ಕೇಳಬಹುದು. ಮುಳಗುಂದದ ಬಸದಿಗೆ ಬಂದ ದಾನವೇ ಹೊಲ. ಉಳುಮೆಯಲ್ಲಿ ಎಷ್ಟು ಜೀವ ಸಾಯುತ್ತದೆಂಬುದು ಅದನ್ನು ಪಡೆದವರಿಗೆ ತಿಳಿಯದ್ದಲ್ಲ. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನೂ ದುಡಿಮೆಯಲ್ಲಿ ತಪ್ಪಿಸಲಾಗದ ಉದ್ಯೋಗೀ ಹಿಂಸೆಯನ್ನೂ ಜೈನ ಚಿಂತನೆ ಬೇರೆಬೇರೆ ಮಾಡಿತು. ಪಂಪ 941ರಲ್ಲಿ ಆದಿಪುರಾಣ ಬರೆದ. ಜೈನ ಪುರಾಣದಲ್ಲಿ ಜನರಿಗೆ ಕೃಷಿ ಕಲಿಸಿದವನು ಆ ಕೃತಿಯ ನಾಯಕ ಆದಿದೇವನೇ. ಮುಳಗುಂದದಲ್ಲೇ 1112ರಲ್ಲಿ ನಯಸೇನ ಧರ್ಮಾಮೃತವನ್ನು ಬರೆದಾಗ ಸಂಸ್ಕೃತ ತುರುಕುವ ಕವಿಗಳನ್ನು ಟೀಕಿಸಿ, ಹದಿನಾಲ್ಕು ಕಥೆಗಳನ್ನು ತಿಳಿಗನ್ನಡದಲ್ಲಿ ಹೇಳಿದ. ಅವುಗಳಲ್ಲಿ ಐದು ಗೃಹಸ್ಥರು ಹಿಡಿಯಬೇಕಾದ ಅಣುವ್ರತಗಳವು, ಆ ಐದರಲ್ಲಿ ಮೊದಲಿನದು ಅಹಿಂಸೆಯದು.