‘ನೈಫ್’ನ ಮುಂದೆ ಸುಮ್ಮನೆ ಕೂತ ‘ಕೆ’

ಚಾಕುವಿನ ಇಂಗ್ಲಿಷ್ ಹೆಸರನ್ನು ‘ಕ್ನೈಫ್’ ಎಂದು ಓದಿ ತರಗತಿಯಲ್ಲಿ ನಗೆಪಾಟಲಾದವರು ನಮ್ಮೂರುಗಳಲ್ಲಿ ಕಡಿಮೆಯಿಲ್ಲ. ಆದರೆ ಆರುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಜನರೇ ಅದನ್ನು ‘ಕ್ನೀಫ್’ ಎನ್ನುತ್ತಿದ್ದರು! ರಾತ್ರಿ ಎಂಬರ್ಥದ ‘ನೈಟ್’ನಲ್ಲಿರುವ ‘ಜಿ, ಎಚ್’ಗೂ ಆಗ ‘ಖ್’ಗೆ ಹತ್ತಿರದ ದನಿಯಿತ್ತು.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅಚ್ಚಿನ ಪುಸ್ತಕಗಳು ಹೆಚ್ಚಿದಂತೆ ಸ್ಪೆಲ್ಲಿಂಗ್ ನಿಧಾನವಾಗಿ ಒಂದು ಕಡೆ ನಿಂತಿತು. ಮಾತು ಮಾತ್ರ ನಿಲ್ಲಲಿಲ್ಲ. ‘ಕ್ನೀಫ್’ನ ‘ಈ’ ಬದಲಾಗುತ್ತಾ ‘ಐ’ ಆಯಿತು. ಮುಂದೆ ‘ಕೆ’ಯ ದನಿಯೂ ಬಿದ್ದುಹೋಯಿತು. ಬರಹದಲ್ಲಿ ಅದು ಹಾಗೇ ಉಳಿಯಿತು.

ಸಾಲ ಎಂಬರ್ಥದ ‘ಡೆಟ್’ನ ಕಥೆಯೇ ಬೇರೆ. ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ ಮೂಲ ‘ಡೆಬಿಟುಂ’ ಎಂದು ನೆನಪಿಸಲು ಪಂಡಿತರು ‘ಬಿ’ ಸೇರಿಸಿದರು. ಜನ ಅದನ್ನು ಉಚ್ಚರಿಸಲೇ ಇಲ್ಲ.

ಕನ್ನಡದಲ್ಲಿ ಹೆಚ್ಚುಕಡಿಮೆ ಬರೆದಂತೆಯೇ ಓದುವವರು ನಾವು. ಹಾಗಾಗಿ ಮಗು ‘ಕ್ನೈಫ್’ ಎಂದರೆ ಗದರಬೇಡಿ. ಅದು ಅಕ್ಷರವನ್ನು ನಂಬಿದೆ ಅಷ್ಟೆ. ಪದದ ಮೊದಲಲ್ಲಿ ‘ಕೆ, ಎನ್’ ಜೊತೆಯಾಗಿ ಬಂದರೆ ‘ಕೆ’ಯನ್ನು ಬಿಟ್ಟು ಓದು ಎನ್ನಿ. ಜೊತೆಗೆ ಈ ಕಥೆಯನ್ನೂ ಹೇಳಿ.