ಕೋಡ್ ಹಾಕಿದರೆ ಸಾಕು, ಡಾಕ್ಯುಮೆಂಟೇಶನ್ ತಾನೇ ತಯಾರಾಗುತ್ತದೆಯೇ?

"ನಿಮ್ಮ ಕೋಡ್ ಅಪ್‌ಲೋಡ್ ಮಾಡಿ, ಒಂದೇ ಕ್ಲಿಕ್‌ಗೆ ಪೂರ್ತಿ ಡಾಕ್ಯುಮೆಂಟೇಶನ್ ಪಡೆಯಿರಿ. ಇನ್ನು ಕಾಮೆಂಟ್ ಬರೆಯುವ ತಲೆನೋವಿಲ್ಲ. ಎಂಜಿನಿಯರಿಂಗ್ ಓದುವ ಮಕ್ಕಳಿರುವ ಎಲ್ಲರಿಗೂ ಕಳಿಸಿ." ಇಂಥ ಅರ್ಥದ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ಬೈರಾಪಟ್ಟಣ, ಚನ್ನಪಟ್ಟಣ, ರಾಮನಗರದ ಕಡೆಯಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೋ ಕಾಲೇಜಿಗೋ ಹೋಗಿಬರುವ ಹುಡುಗರಿರುವ ಮನೆಗಳಲ್ಲಿ, ಕೊನೆಯ ವರ್ಷದ ಪ್ರಾಜೆಕ್ಟ್ ಒಪ್ಪಿಸುವ ಹೊತ್ತಿಗೆ ಇದು ಬಹಳ ಆಕರ್ಷಕವಾಗಿ ಕಾಣುತ್ತದೆ. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳಿನ ಅರ್ಧ ಸ್ವಲ್ಪ ಅಪಾಯಕಾರಿಯೂ ಹೌದು.

ಸಾಫ್ಟ್‌ವೇರ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಪ್ರೋಗ್ರಾಂ ಬರೆಯುವವರು ಕೋಡ್‌ನ ನಡುವೆ ಮನುಷ್ಯರು ಓದಲೆಂದು ಟಿಪ್ಪಣಿ ಬರೆದಿಡುತ್ತಾರೆ. ಅದೇ ಕಾಮೆಂಟ್. ಕಂಪ್ಯೂಟರ್ ಅದನ್ನು ದಾಟಿಕೊಂಡು ಹೋಗುತ್ತದೆ. ಆ ಟಿಪ್ಪಣಿಗಳನ್ನು ಹೆಕ್ಕಿ, ಅವುಗಳ ಜೊತೆಗಿರುವ ಫಂಕ್ಷನ್‌ಗಳ ಹೆಸರು ಸೇರಿಸಿ, ಓದಲು ಬರುವ ಪುಟಗಳನ್ನಾಗಿ ಜೋಡಿಸಿಕೊಡುವ ಸಾಧನಗಳಿವೆ. ಜಾವಾ ಭಾಷೆಯ ಜೊತೆಗೇ ಬರುವ ಜಾವಾಡಾಕ್, 1997ರಲ್ಲಿ ದಿಮಿತ್ರಿ ವಾನ್ ಹೀಶ್ ಹೊರತಂದ ಡಾಕ್ಸಿಜನ್, 2008ರಲ್ಲಿ ಪೈಥಾನ್‌ನ ಕೈಪಿಡಿಗಾಗಿ ಗಿಯೋರ್ಗ್ ಬ್ರಾಂಡ್ಲ್ ಶುರುಮಾಡಿದ ಸ್ಫಿಂಕ್ಸ್ ಇವುಗಳಲ್ಲಿ ಹೆಚ್ಚು ಬಳಕೆಯವು. ಮೂರೂ ಉಚಿತ. ಮೂರೂ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತವೆ, ಕೋಡ್ ಎಲ್ಲಿಗೂ ಕಳಿಸಬೇಕಿಲ್ಲ.

ಸಾಧನ ಮಾಡುವುದೇನು?

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ನೂಲು ಬಿಚ್ಚುವ ಯಂತ್ರ ರೇಷ್ಮೆಯನ್ನು ಹುಟ್ಟಿಸುವುದಿಲ್ಲ. ಹುಳು ಸುತ್ತಿಟ್ಟ ಎಳೆಯನ್ನು ಬಿಚ್ಚಿ ರಾಟೆಗೆ ಹಾಕುತ್ತದೆ, ಅಷ್ಟೇ. ಗೂಡೇ ಸೊರಗಿದ್ದರೆ ಎಷ್ಟು ಬೆಲೆಯ ಯಂತ್ರ ತಂದರೂ ಎಳೆ ತುಂಡಾಗುತ್ತದೆ.

ಗೂಡು ಮಾರಿದ ರೈತರಿಗೆ ಬರಬೇಕಾದ ಹಣವನ್ನು ಲೆಕ್ಕ ಹಾಕುವ ಒಂದು ಫಂಕ್ಷನ್ ಇದೆ ಎಂದು ಊಹಿಸಿಕೊಳ್ಳಿ. ಅದಕ್ಕೆ ತೂಕ ಕೊಡಬೇಕು, ದರ ಕೊಡಬೇಕು. ಮೇಲಿರುವ ಕಾಮೆಂಟ್ "ತೂಕ: ತೂಕವನ್ನು ಕೊಡಿ" ಎಂದಷ್ಟೇ ಇದ್ದರೆ, ಸಾಧನ ಅದನ್ನೇ ಅಂದವಾದ ಅಕ್ಷರದಲ್ಲಿ, ನೀಲಿ ಪಟ್ಟಿಯ ಕೆಳಗೆ ಮುದ್ರಿಸುತ್ತದೆ. ಓದಿದವರಿಗೆ ಹೊಸದೇನೂ ಸಿಗುವುದಿಲ್ಲ. ಅದೇ ಕಾಮೆಂಟ್ "ತೂಕ ಕಿಲೋದಲ್ಲಿ ಇರಲಿ, ಬುಟ್ಟಿಯ ತೂಕ ಕಳೆದಿರಬೇಕು, ಸೊನ್ನೆ ಬಂದರೆ ಲೆಕ್ಕ ನಿಲ್ಲುತ್ತದೆ" ಎಂದಿದ್ದರೆ, ಮುಂದಿನ ವರ್ಷ ಆ ಕೋಡ್ ಮುಟ್ಟುವ ಹೊಸ ಹುಡುಗ ಬುಟ್ಟಿಯ ತೂಕವನ್ನು ಎರಡು ಸಲ ಕಳೆಯುವುದಿಲ್ಲ. ರೈತರಿಗೆ ಸೇರಬೇಕಾದ ದುಡ್ಡು ಉಳಿಯುವುದು ಈ ಒಂದು ಸಾಲಿನಿಂದ. ಇದನ್ನು ಯಾವ ಸಾಧನವೂ ಊಹಿಸಿ ಬರೆಯಲಾರದು, ಏಕೆಂದರೆ ಬುಟ್ಟಿಯ ವಿಷಯ ಕೋಡ್‌ನಲ್ಲಿ ಇಲ್ಲವೇ ಇಲ್ಲ.

ಈಗಿನ ಎಐ ಸಾಧನಗಳ ಕಥೆಯೇನು ಎಂದು ಕೇಳುವವರಿದ್ದಾರೆ. ಕೋಡ್ ಏನು ಮಾಡುತ್ತಿದೆ ಎಂಬುದನ್ನು ಅವು ಬಹುಮಟ್ಟಿಗೆ ಚೆನ್ನಾಗಿಯೇ ವಿವರಿಸುತ್ತವೆ. ಹಾಗೇಕೆ ಮಾಡಬೇಕು, ಯಾರ ಜೊತೆ ಏನು ಒಪ್ಪಂದವಾಗಿದೆ ಎಂಬುದು ಅವುಗಳಿಗೂ ತಿಳಿಯದು. ಕೋಡ್‌ನಲ್ಲಿ ತಪ್ಪಿದ್ದರೆ ಆ ತಪ್ಪನ್ನೇ ನಿಯಮವೆಂಬಂತೆ ಬರೆದುಬಿಡುವ ಅಪಾಯವೂ ಇದೆ. ಕರಡು ಬರೆಸಿಕೊಂಡು, ನೀವೇ ಓದಿ ತಿದ್ದುವುದಾದರೆ ಅಡ್ಡಿಯಿಲ್ಲ.

ಪುಟ ತುಂಬಿದ ಮಾತ್ರಕ್ಕೆ ಮೋಸಹೋಗಬೇಡಿ

ಡಾಕ್ಸಿಜನ್‌ನಲ್ಲಿ ಎಕ್ಸ್‌ಟ್ರಾಕ್ಟ್ ಆಲ್ ಎಂಬ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಕಾಮೆಂಟ್ ಒಂದೂ ಇಲ್ಲದ ಕೋಡ್‌ನಿಂದಲೂ ರಾಶಿ ಪುಟಗಳು ಬರುತ್ತವೆ. ಹೆಸರುಗಳ ಪಟ್ಟಿ, ಗ್ರಾಫ್‌ವಿಜ್ ಇದ್ದರೆ ಚಿತ್ರಗಳು, ಎಲ್ಲವೂ. ನೋಡಿದವರು ಭಾರಿ ಕೆಲಸ ಆಗಿದೆ ಎಂದುಕೊಳ್ಳುತ್ತಾರೆ. ಫಾರ್ವರ್ಡ್‌ನ "ನಿಜದ ಅರ್ಧ" ಎಂದರೆ ಇದೇ. ಹೊಸ ಕೋಡ್‌ನ ನಕ್ಷೆ ತಿಳಿಯಲು ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ, ಸುಳ್ಳಲ್ಲ. ಆದರೆ ಆ ಆಯ್ಕೆ ಆನ್ ಆದ ಕೂಡಲೇ, "ಇದಕ್ಕೆ ವಿವರಣೆ ಬರೆದಿಲ್ಲ" ಎಂದು ಎಚ್ಚರಿಸುವ ಸೌಲಭ್ಯ ಆಫ್ ಆಗುತ್ತದೆ. ಅಂದರೆ ಖಾಲಿ ಎಲ್ಲಿದೆ ಎಂದು ಹೇಳುವ ಬಾಯಿಯನ್ನೇ ಮುಚ್ಚಿದಂತೆ. ಇದಕ್ಕೆ ವಿರುದ್ಧದ ತೊಂದರೆಯೂ ಉಂಟು. ಆ ಆಯ್ಕೆ ಇಲ್ಲದೆ ಓಡಿಸಿದರೆ ಕಾಮೆಂಟ್ ಬರೆದಿದ್ದರೂ ಪುಟ ಖಾಲಿ ಬರಬಹುದು. ಡಾಕ್ಸಿಜನ್, ಜಾವಾಡಾಕ್ ಎರಡೂ ಸಾಮಾನ್ಯ ಕಾಮೆಂಟ್‌ಗಳನ್ನು ಎತ್ತಿಕೊಳ್ಳುವುದಿಲ್ಲ. ಒಂದು ಓರೆಗೆರೆ, ಎರಡು ನಕ್ಷತ್ರದಿಂದ ಶುರುವಾಗುವಂಥ ವಿಶೇಷ ಗುರುತು ಇರಬೇಕು.

ಲೆಕ್ಕಕ್ಕೆ ಮಾತ್ರ ದಾಖಲೆ ಕೊಡುವ ಅಭ್ಯಾಸ ದೊಡ್ಡವರಲ್ಲೂ ಇದೆ. ಜಾವಾ ಲೈಬ್ರರಿಗಳನ್ನು ಜಗತ್ತಿಗೆ ಹಂಚುವ ಮೇವೆನ್ ಸೆಂಟ್ರಲ್ ಎಂಬ ಭಂಡಾರಕ್ಕೆ ಏನನ್ನೇ ಸೇರಿಸಬೇಕಾದರೂ ಜೊತೆಗೊಂದು ಜಾವಾಡಾಕ್ ಕಡತ ಕೊಡಲೇಬೇಕು. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ಎಂಬ ಗುರುತಿನ ಚೀಟಿಯ ತಂತ್ರಾಂಶದ ಜಾವಾ ಭಾಗಗಳೂ ಅಲ್ಲಿವೆ. ಫಿಲಿಪೀನ್ಸ್, ಮೊರಾಕ್ಕೋ ದೇಶಗಳು ಆ ತಂತ್ರಾಂಶವನ್ನು ಬಳಸಿಕೊಂಡಿವೆ. ಬರೆದವರನ್ನು ಎದುರಿಗೆ ಕೂರಿಸಿಕೊಂಡು ಕೇಳಲಾಗದ ಅಲ್ಲಿನ ಎಂಜಿನಿಯರ್‌ಗಳಿಗೆ ದಾಖಲೆಯೇ ಗತಿ. ಭಂಡಾರದ ನಿಯಮವೇನೋ ಒಳ್ಳೆಯದು, ಆದರೆ ಕಡತದೊಳಗೆ ಏನಿದೆ ಎಂದು ಅದು ಅಳೆಯುವುದಿಲ್ಲ. ಹೆಸರಿಗೊಂದು ಖಾಲಿ ಕಡತ ಇಟ್ಟರೂ ದಾಟಿಹೋಗುತ್ತದೆ.

ದಾಖಲೆ ಸರಿಯಿದ್ದು ಕೋಡ್ ತಪ್ಪಿದ್ದರೆ? 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಕಳೆದುಹೋಯಿತು. ಎಂಜಿನ್‌ನ ತಳ್ಳುವಿಕೆಯನ್ನು ಮೆಟ್ರಿಕ್ ಅಳತೆಯಲ್ಲೇ ಕೊಡಬೇಕೆಂದು ಒಪ್ಪಂದದ ದಾಖಲೆಯಲ್ಲಿ ಬರೆದಿತ್ತು. ಭೂಮಿಯಲ್ಲಿದ್ದ ಒಂದು ಪ್ರೋಗ್ರಾಂ ಪೌಂಡ್ ಅಳತೆಯಲ್ಲಿ ಕೊಟ್ಟಿತು. ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಕಾಮೆಂಟ್ ಹೆಕ್ಕುವ ಯಾವ ಸಾಧನವೂ ಇಂಥ ತಪ್ಪನ್ನು ಹಿಡಿಯುವುದಿಲ್ಲ, ಏಕೆಂದರೆ ಕಾಮೆಂಟ್ ಹೇಳಿದ್ದನ್ನೂ ಕೋಡ್ ಮಾಡಿದ್ದನ್ನೂ ಅದು ಹೋಲಿಸಿ ನೋಡುವುದಿಲ್ಲ.

ಸ್ವಲ್ಪ ಹೋಲಿಸಿ ನೋಡುವ ದಾರಿಯೊಂದಿದೆ, ನಮ್ಮ ಪ್ರಕಾರ ಸಾಧನ ಆರಿಸುವಾಗ ಮೊದಲು ಕೇಳಬೇಕಾದ್ದೂ ಅದೇ: ಕಾಮೆಂಟ್‌ನಲ್ಲಿ ಬರೆದ ಉದಾಹರಣೆಯನ್ನು ಓಡಿಸಿ ನೋಡಲು ಬರುತ್ತದೆಯೇ? ಪೈಥಾನ್‌ನ ಡಾಕ್‌ಟೆಸ್ಟ್ ಇದನ್ನು ಮಾಡುತ್ತದೆ. "10 ಕಿಲೋ, ಕಿಲೋಗೆ 500 ರೂಪಾಯಿ, ಉತ್ತರ 5000" ಎಂಬ ಲೆಕ್ಕವನ್ನು ಅದರ ರೀತಿಯಲ್ಲಿ ಬರೆದಿಟ್ಟರೆ, ನಾಳೆ ಯಾರೋ ಕೋಡ್ ಬದಲಿಸಿ ಉತ್ತರ ಬೇರೆ ಬಂದಾಗ ಅದು ಕೂಗಿ ಹೇಳುತ್ತದೆ. ರಸ್ಟ್ ಭಾಷೆಯಲ್ಲಿ ಪರೀಕ್ಷೆ ಓಡಿಸಿದಾಗ ಲೈಬ್ರರಿಯ ಕಾಮೆಂಟ್‌ಗಳಲ್ಲಿರುವ ಉದಾಹರಣೆಗಳೂ ತಾವಾಗಿಯೇ ಓಡುತ್ತವೆ.

ಹಾಗಾದರೆ ಯಾವುದನ್ನು ಆರಿಸಬೇಕು?

"ನಂಬರ್ ಒನ್ ಟೂಲ್" ಎಂಬುದಿಲ್ಲ. ಪ್ರಾಜೆಕ್ಟ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯವರು ಬಳಸುವುದನ್ನೇ ಹಿಡಿಯಿರಿ. ಜಾವಾಗೆ ಜಾವಾಡಾಕ್, ರಸ್ಟ್‌ಗೆ ರಸ್ಟ್‌ಡಾಕ್, ಜಾವಾಸ್ಕ್ರಿಪ್ಟ್‌ಗೆ ಜೆಎಸ್‌ಡಾಕ್, ಪಿಎಚ್‌ಪಿಗೆ ಪಿಎಚ್‌ಪಿ ಡಾಕ್ಯುಮೆಂಟರ್. ಸಿ, ಸಿ ಪ್ಲಸ್ ಪ್ಲಸ್ ಆದರೆ ಡಾಕ್ಸಿಜನ್. ಪೈಥಾನ್‌ಗೆ ಸ್ಫಿಂಕ್ಸ್; ಪಾಠದಂಥ ಉದ್ದ ಬರಹವನ್ನೂ ಫಂಕ್ಷನ್‌ಗಳ ವಿವರವನ್ನೂ ಒಂದೇ ಕಡೆ ಇಡಬೇಕೆಂದರೆ ಇದೇ ಅನುಕೂಲ. ಡಾಕ್ಸಿಜನ್ ಹೆಕ್ಕಿದ್ದನ್ನು ಸ್ಫಿಂಕ್ಸ್‌ಗೆ ದಾಟಿಸುವ ಬ್ರೀದ್ ಎಂಬ ಸೇತುವೆಯೂ ಇದೆ.

ಸ್ಫಿಂಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಆಟೋಡಾಕ್ ಭಾಗ ಕೋಡನ್ನು ಓದಿ ಸುಮ್ಮನಾಗುವುದಿಲ್ಲ, ಪೈಥಾನ್ ಮೂಲಕ ಲೋಡ್ ಮಾಡುತ್ತದೆ. ಫೈಲಿನ ಹೊರಪದರದಲ್ಲೇ "ಎಲ್ಲರಿಗೂ ಎಸ್‌ಎಂಎಸ್ ಕಳಿಸು" ಎಂಬ ಸಾಲಿದ್ದರೆ, ದಾಖಲೆ ತಯಾರಿಸುವಾಗ ಎಸ್‌ಎಂಎಸ್ ಹೋಗಿಬಿಡುತ್ತದೆ! ಗೊತ್ತಿಲ್ಲದವರ ಕೋಡಿಗೆ ಅದನ್ನು ಓಡಿಸಬೇಡಿ. ಲೋಡ್ ಮಾಡದೆ ಬರೀ ಓದುವ ಆಟೋಎಪಿಐ ಎಂಬ ಬದಲಿ ಇದೆ.

ಕಾಮೆಂಟ್ ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು. "ಕೋಡ್‌ನಲ್ಲಿ ಕನ್ನಡ ಹಾಕಿದರೆ ಪ್ರೋಗ್ರಾಂ ಕೆಡುತ್ತದೆ" ಎಂಬುದು ಹಳೆಯ ಭಯ. ಕನ್ನಡ ಲಿಪಿ 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಇದೆ. ಫೈಲನ್ನು ಯುಟಿಎಫ್-8 ಆಗಿ ಉಳಿಸಿದರೆ ಈ ಸಾಧನಗಳ ವೆಬ್ ಪುಟಗಳಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಡಾಕ್ಸಿಜನ್‌ನಲ್ಲಿ ಭಾಷೆ ಆರಿಸುವ ಸೆಟ್ಟಿಂಗ್ ನೋಡಿ ಅನುವಾದವನ್ನು ನಿರೀಕ್ಷಿಸಬೇಡಿ. ಬದಲಾಗುವುದು ಅದರ ಶೀರ್ಷಿಕೆಗಳು ಮಾತ್ರ, ನಿಮ್ಮ ಕಾಮೆಂಟ್ ಅಲ್ಲ.

ತೊಡಕು ಎರಡು ಕಡೆ. ಪಿಡಿಎಫ್ ಮಾಡಲು ಡಾಕ್ಸಿಜನ್, ಸ್ಫಿಂಕ್ಸ್ ಲೇಟೆಕ್ ಬಳಸುತ್ತವೆ. ಅದರ ಹಳೆಯ ಎಂಜಿನ್ ಪಿಡಿಎಫ್‌ಲೇಟೆಕ್‌ಗೆ ಕನ್ನಡ ಒಗ್ಗದು. ಜೀಲೇಟೆಕ್ ಅಥವಾ ಲುವಾಲೇಟೆಕ್‌ಗೆ ಬದಲಿಸಿ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಕೊಡಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ವೆಬ್ ಪುಟವನ್ನು ಬ್ರೌಸರ್‌ನಿಂದಲೇ ಪಿಡಿಎಫ್ ಆಗಿ ಪ್ರಿಂಟ್ ಮಾಡಿ, ಕೆಲಸ ಆಗುತ್ತದೆ. ಎರಡನೆಯದು ಹುಡುಕು ಪೆಟ್ಟಿಗೆ. "ಪದ ಎಂದರೆ ಅಕ್ಷರ ಮತ್ತು ಅಂಕಿ" ಎಂಬ ಸರಳ ನಿಯಮದಲ್ಲಿ ನಡೆಯುವ ಪ್ರೋಗ್ರಾಂಗಳು ನಮ್ಮ ಸ್ವರಚಿಹ್ನೆ, ಒತ್ತುಗಳನ್ನು ಅಕ್ಷರವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೈಥಾನ್‌ನ ಮಾಮೂಲಿ ಪದ-ನಿಯಮಕ್ಕೆ "ರೇಷ್ಮೆ" ಕೊಟ್ಟರೆ ರ, ಷ, ಮ ಎಂದು ಮೂರು ಚೂರಾಗುತ್ತದೆ. ಆದ್ದರಿಂದ ಒತ್ತಕ್ಷರ ಇರುವ ಒಂದು ಪದವನ್ನು ಹುಡುಕಿ ನೋಡಿಯೇ ಸಾಧನ ಖಾಯಂ ಮಾಡಿ.

ಆ ಲಿಂಕ್ ಒತ್ತುವ ಮುನ್ನ

ಕೋಡ್‌ನೊಳಗೆ ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಕೀ, ಕೆಲವೊಮ್ಮೆ ಪರೀಕ್ಷೆಗೆಂದು ಹಾಕಿದ ನಿಜವಾದ ಜನರ ಫೋನ್ ನಂಬರ್ ಇರುತ್ತವೆ. ಯಾರದೋ ವೆಬ್‌ಸೈಟಿಗೆ ಅಪ್‌ಲೋಡ್ ಮಾಡಿದರೆ ಎಲ್ಲವೂ ಅಲ್ಲಿಗೆ ಹೋಗುತ್ತವೆ. ಕಂಪನಿಯ ಕೋಡ್ ಆಗಿದ್ದರೆ ಕೆಲಸಕ್ಕೇ ಕುತ್ತು ಬರಬಹುದು. ಈಗಾಗಲೇ ಹಾಕಿಬಿಟ್ಟಿದ್ದರೆ ಆ ಪೇಜ್ ಅಳಿಸಿ ಸುಮ್ಮನಿರಬೇಡಿ. ಪಾಸ್‌ವರ್ಡ್, ಕೀಗಳನ್ನು ಇವತ್ತೇ ಬದಲಿಸಿ, ಕಂಪನಿಯದಾದರೆ ಮೇಲಿನವರಿಗೆ ತಿಳಿಸಿ. ಡಾಕ್ಸಿಜನ್, ಸ್ಫಿಂಕ್ಸ್‌ಗಳನ್ನು ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಜಾವಾಡಾಕ್ ಬೇರೆಯಾಗಿ ಇಳಿಸಬೇಕಿಲ್ಲ, ಜಾವಾ ಅಭಿವೃದ್ಧಿ ಕಿಟ್ ಹಾಕಿದ್ದರೆ ಅದು ಆಗಲೇ ನಿಮ್ಮ ಕಂಪ್ಯೂಟರ್‌ನಲ್ಲಿದೆ.