ನೆತ್ತಿಯ ಮೇಲಿನ ಜಮೀನು

1976ರ ಡಿಸೆಂಬರ್ 3ರಂದು ಕೊಲಂಬಿಯಾದ ಬೊಗೋಟಾ ನಗರದಲ್ಲಿ ಭೂಮಧ್ಯರೇಖೆಯ ಮೇಲಿರುವ ಕೆಲವು ದೇಶಗಳು ವಿಚಿತ್ರವಾದೊಂದು ಹಕ್ಕು ಮಂಡಿಸಿದವು. ಕೊಲಂಬಿಯಾ, ಈಕ್ವೆಡಾರ್, ಕೆನ್ಯಾ, ಉಗಾಂಡಾ, ಇಂಡೊನೇಷ್ಯಾ ಮೊದಲಾದ ದೇಶಗಳವು. ತಮ್ಮ ನೆತ್ತಿಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಭೂಸ್ಥಿರ ಕಕ್ಷೆಯ ಭಾಗ ತಮ್ಮದೇ ಸ್ವತ್ತು ಎಂದು ಅವು ಘೋಷಿಸಿದವು.

ಆ ಕಕ್ಷೆಯಲ್ಲಿ ಏನಿದೆ? ಅಲ್ಲಿಟ್ಟ ಉಪಗ್ರಹ ಭೂಮಿಯಷ್ಟೇ ವೇಗದಲ್ಲಿ ಸುತ್ತು ಮುಗಿಸುವುದರಿಂದ ನಮಗೆ ಒಂದೇ ಜಾಗದಲ್ಲಿ ತೂಗುಹಾಕಿದಂತೆ ಕಾಣುತ್ತದೆ. ಅದಕ್ಕೇ ಮನೆಯ ಮೇಲಿನ ಡಿಶ್ ಕದಲದೆ ಒಂದೇ ದಿಕ್ಕಿಗೆ ನೋಡುತ್ತಿರುತ್ತದೆ. 1964ರಲ್ಲಿ ಟೋಕಿಯೊ ಒಲಿಂಪಿಕ್ಸನ್ನು ಅಮೆರಿಕಕ್ಕೆ ತೋರಿಸಿದ್ದು ಇಂಥದೊಂದು ಉಪಗ್ರಹವೇ. ಆದರೆ ಆಟ, ಸಿನಿಮಾಗಳಿಗಷ್ಟೇ ಇದು ಬೇಕಾಗಿರಲಿಲ್ಲ. ಶತ್ರುವಿನ ಕ್ಷಿಪಣಿ ಮೇಲೇಳುವಾಗಿನ ಶಾಖವನ್ನು ಹಿಡಿಯುವ ಅಮೆರಿಕದ ಕಾವಲು ಉಪಗ್ರಹಗಳು 1970ರ ದಶಕದಲ್ಲಿ ಕೂತದ್ದೂ ಇದೇ ಎತ್ತರದಲ್ಲಿ. ಇರುವುದು ಒಂದೇ ಬಳೆ. ಉಪಗ್ರಹಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ರೇಡಿಯೊ ಸಂಕೇತ ಇನ್ನೊಂದನ್ನು ಕೆಡಿಸುತ್ತದೆ. ಮೊದಲು ಬಂದವರಿಗೆ ಮೊದಲ ಜಾಗ ಎಂಬುದೇ ಅಂದಿನ ರೂಢಿ.

ಬಾಹ್ಯಾಕಾಶದ ಮೇಲೆ ಯಾವ ದೇಶವೂ ಒಡೆತನ ಸ್ಥಾಪಿಸುವಂತಿಲ್ಲ ಎಂದು 1967ರ ಒಪ್ಪಂದ ಹೇಳಿತ್ತು. ಬೊಗೋಟಾದವರು ಬೇರೊಂದು ದಾರಿ ಹಿಡಿದರು: ಬಾಹ್ಯಾಕಾಶ ಎಲ್ಲಿಂದ ಶುರುವಾಗುತ್ತದೆಂದು ಆ ಒಪ್ಪಂದದಲ್ಲಿ ಬರೆದಿಲ್ಲ, ಈ ಕಕ್ಷೆ ಉಂಟಾದದ್ದು ಭೂಮಿಯ ಸೆಳೆತದಿಂದ, ಆದ್ದರಿಂದ ಇದು ಭೂಮಿಗೆ ಸೇರಿದ್ದು. ವಿಜ್ಞಾನದ ದೃಷ್ಟಿಯಲ್ಲಿ ಇದು ಸೊಂಟ ಮುರಿದ ವಾದವೇ. ಭೂಮಿಯ ಸೆಳೆತ ಕೊಲಂಬಿಯಾದ ಸೆಳೆತವಲ್ಲವಲ್ಲ! ದೊಡ್ಡ ದೇಶಗಳು ಒಪ್ಪಲಿಲ್ಲ.

ಆದರೂ ಅವರ ಸಂಕಟ ಸುಳ್ಳಾಗಿರಲಿಲ್ಲ. ಅದೇ ಕಾಲಕ್ಕೆ ನಮ್ಮ ಕರ್ನಾಟಕದಲ್ಲಿ ದೇವರಾಜ ಅರಸರ ಭೂಸುಧಾರಣೆ ನಡೆದಿತ್ತು. 'ಉಳುವವನೇ ಹೊಲದೊಡೆಯ' ಎಂಬ ಮಾತು ಹಳ್ಳಿಹಳ್ಳಿಯಲ್ಲಿ. ಆಕಾಶದಲ್ಲೂ ನಡೆದದ್ದು ಉಳುವವನ ಕಾನೂನೇ. ವ್ಯತ್ಯಾಸವಿಷ್ಟೆ: ಹಳ್ಳಿಯಲ್ಲಿ ನೇಗಿಲು ಬಡವನ ಕೈಯಲ್ಲಿತ್ತು, ಅಲ್ಲಿ ಸಾಹುಕಾರನ ಕೈಯಲ್ಲಿತ್ತು. ಘೋಷಣೆಯಲ್ಲಿ ಪಾಲ್ಗೊಂಡ ಇಂಡೊನೇಷ್ಯಾವೇ ಅದೇ ವರ್ಷದ ಜುಲೈನಲ್ಲಿ ತನ್ನ ಪಲಾಪ ಉಪಗ್ರಹವನ್ನು ಅಮೆರಿಕದ ರಾಕೆಟ್ಟಿನಲ್ಲಿ ಹಾರಿಸಬೇಕಾಗಿತ್ತು. ಭಾರತದ ಆಪಲ್ 1981ರಲ್ಲಿ ಯುರೋಪಿನ ರಾಕೆಟ್ಟಿನ ಉಚಿತ ಸೀಟಿನಲ್ಲಿ ಹೋಯಿತು. ಅದಕ್ಕೂ ಮೊದಲು ಪರೀಕ್ಷೆಗೆಂದು ಅದನ್ನು ಎತ್ತಿನ ಗಾಡಿಯ ಮೇಲಿಟ್ಟಿದ್ದ ಚಿತ್ರವನ್ನು ಓದುಗರು ಕಂಡಿರಬಹುದು. ಮುಂದೆ ಇನ್ಸಾಟ್‌ಗಳ ಲಗಾಮು ಹಿಡಿದದ್ದು ನಮ್ಮ ಹಾಸನದ ಕೇಂದ್ರ.

ಬೊಗೋಟಾದ ಕೂಗು ಪೂರಾ ವ್ಯರ್ಥವಾಗಲಿಲ್ಲ. 1985 ಮತ್ತು 1988ರ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನಗಳಲ್ಲಿ, ಉಪಗ್ರಹ ಇರಲಿ ಬಿಡಲಿ, ಕೆಲವು ತರಂಗಗಳ ಮಟ್ಟಿಗಾದರೂ ಪ್ರತಿ ದೇಶಕ್ಕೂ ಒಂದು ಜಾಗ ಕಾದಿರಿಸಲಾಯಿತು.

ಈಗ ನೂಕುನುಗ್ಗಲು ಕೆಳಗಿನ ಕಕ್ಷೆಗೆ ಇಳಿದಿದೆ. ಸ್ಟಾರ್‌ಲಿಂಕ್ ಎಂಬ ಒಂದೇ ಕಂಪನಿಯ ಸಾವಿರಾರು ಉಪಗ್ರಹಗಳು ಅಲ್ಲಿವೆ. 2022ರಿಂದ ಉಕ್ರೇನಿನ ಸೈನಿಕರ ಸಂಪರ್ಕ ಬಹುಮಟ್ಟಿಗೆ ಅವನ್ನೇ ನಂಬಿಕೊಂಡಿತು. ಅಲ್ಲೂ ಮೊದಲು ಬಂದವರದೇ ಜಾಗ.

ಕೊಲಂಬಿಯಾ ತನ್ನ 1991ರ ಸಂವಿಧಾನದಲ್ಲೇ ಆ ಕಕ್ಷೆಯ ತುಂಡನ್ನು ದೇಶದ ಭಾಗವೆಂದು ಬರೆದಿಟ್ಟುಕೊಂಡಿದೆ. ಅದು ಮತ್ತು ಈಕ್ವೆಡಾರ್ ಸೇರಿರುವ ಆಂಡಿಯನ್ ದೇಶಗಳ ಕೂಟದ ಹಕ್ಕಿನ ಜಾಗದಲ್ಲಿ 2017ರಲ್ಲಿ ಹೊಸ ಉಪಗ್ರಹವೊಂದು ಬಂದು ನಿಂತಿತು. ಉಪಗ್ರಹ ಲಕ್ಸೆಂಬರ್ಗಿನ ಕಂಪನಿಯದು, ರಾಕೆಟ್ಟು ಅಮೆರಿಕದ್ದು.